ತೂಕ ಹಾಕಿದವನು ನಾನೇ

ಬಳ್ಳಾರಿಯ ಹತ್ತಿ ಕಂಪನಿ ದಿವಾಳಿಯಾದಾಗ ನಾನು ಅಲ್ಲಿ ತೂಕದ ಗುಮಾಸ್ತ. ಸ್ವಾತಂತ್ರ್ಯ ಬಂದು ಎರಡು ವರ್ಷವಾಗಿತ್ತು. ಆಸ್ತಿ ಮಾರಿ ಬಾಕಿ ಹಂಚಲು ಕೋರ್ಟು ಒಬ್ಬ ವಕೀಲರನ್ನು ನೇಮಿಸಿತು. ಬಾಕಿ ಕೇಳುವವರು ಪುರಾವೆ ತರಬೇಕು. ತಕರಾರಿದ್ದರೆ ವಕೀಲರು ವಿಚಾರಿಸಿ ಒಪ್ಪುವರು, ಇಲ್ಲವೇ ತಳ್ಳಿಹಾಕುವರು. ಕಂಪನಿಯ ವ್ಯವಹಾರ ಗೊತ್ತಿದ್ದವನೆಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು.

ಕುರುಗೋಡಿನಿಂದ ಒಬ್ಬ ರೈತ ಹೆಣ್ಣುಮಗಳು ಬಂದಳು. ಕಂಪನಿಗೆ ಎರಡು ಗಾಡಿ ಹತ್ತಿ ಹಾಕಿದ್ದಳು, ತೂಕದ ಚೀಟಿ ಇರಲಿಲ್ಲ. ಆ ಹತ್ತಿ ಬರಲೇ ಇಲ್ಲ ಎಂದು ಹಳೆಯ ಮ್ಯಾನೇಜರು ಬರೆದುಕೊಟ್ಟಿದ್ದ. ಅದನ್ನು ಆತ ಹೊರಗೇ ಮಾರಿಕೊಂಡದ್ದು ನನಗೆ ಗೊತ್ತಿತ್ತು.

"ತೂಕ ಹಾಕಿದವ್ರು ಇವ್ರ ಅಲ್ರಿ, ಕೇಳ್ರಿ," ಎಂದು ಆಕೆ ನನ್ನತ್ತ ಕೈ ತೋರಿಸಿದಳು.

ಚೀಟಿ ನಾಳೆ ಕೊಡುತ್ತೇನೆಂದು ಕಳಿಸಿದವನೂ ನಾನೇ. ಆದರೆ ಸಿರುಗುಪ್ಪದಲ್ಲಿ ಹತ್ತಿ ಬಿಡಿಸುವ ತನ್ನ ಹೊಸ ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸ ಕೊಡುವುದಾಗಿ ಮ್ಯಾನೇಜರು ನನಗೆ ಮಾತು ಕೊಟ್ಟಿದ್ದ.

"ನೆನಪಿಲ್ರಿ," ಎಂದೆ.

ವಕೀಲರು ನನ್ನ ಮುಖವನ್ನೊಮ್ಮೆ ನೋಡಿ, ಪುರಾವೆ ಇಲ್ಲವೆಂದು ಬರೆದರು. ಒಪ್ಪಿಗೆಯಾಗದಿದ್ದರೆ ಜಡ್ಜಿಗೆ ಅಪೀಲು ಹಾಕಬಹುದೆಂದು ಆಕೆಗೆ ತಿಳಿಸಿದರು.

"ಇವ್ರ ನೆನಪಿಲ್ಲಂದ ಮ್ಯಾಲ ಅಲ್ಲಿಗೆ ಯಾರನ್ನ ಕರ್ಕೊಂಡು ಹೋಗ್ಲಿರಿ?" ಎಂದು ಆಕೆ ಎದ್ದು ಹೋದಳು. ನನ್ನನ್ನು ಬೈಯಲೂ ಇಲ್ಲ.

ಮುಂದೆ ಹಣ ಹಂಚಿದಾಗ, ನೌಕರರ ಸಂಬಳ ಮೊದಲೆಂಬ ಕಾಯಿದೆಯಂತೆ ನನ್ನ ಬಾಕಿ ಪೂರ್ತಿ ಬಂತು. ಸಿರುಗುಪ್ಪದ ಕೆಲಸವೂ ಸಿಕ್ಕಿತು. ಒಂದು ಭಾನುವಾರ, ಆಕೆಗೆ ನಿಜ ಹೇಳಿ ಕಾಲು ಹಿಡಿಯಬೇಕೆಂದು ಬಸ್ಸು ಹತ್ತಿದೆ. ಕುರುಗೋಡು ಬಂತು. ಇಳಿಯಲು ಧೈರ್ಯ ಸಾಲಲಿಲ್ಲ. ಮುಂದಿನ ಊರಿಗೆ ಟಿಕೆಟ್ ತೆಗೆಸಿದೆ.