ಮಸ್ತಾನಸಾಬನ ಇಲಿಗಳ ಕೊಂಬೆ

ಗಣಿಯ ಕೆಲಸ ಬಿಟ್ಟು ಲಿಂಗಸುಗೂರಿಗೆ ಬಂದ ಮಸ್ತಾನಸಾಬ ಸಾಕಿದ ಬಿಳಿ ಇಲಿಗಳಿಗೆ ಕಡಿಯಲು ಹೊಸ ಕೊಂಬೆ ಸಿಕ್ಕರೆ ಮನೆಯಲ್ಲಿ ಅಂದು ಹಬ್ಬವೇ ಹಬ್ಬ! ಕಣಗಿಲೆ ವಿಷ ಎನ್ನುತ್ತಾನೆ. ಸಿಂಧನೂರಿನ ಹತ್ತಿಕಟ್ಟಿಗೆಗೆ ಕೀಟನಾಶಕ ಹೊಡೆದಿರುತ್ತಾರೆಂದು ಅಂಗಳಕ್ಕೂ ಸೇರಿಸುವುದಿಲ್ಲ. ಪೇರಲದ ಕೊಂಬೆಯನ್ನೇ ಮೂಸಿ, ತಿಕ್ಕಿ ತೊಳೆದು, ದೊಡ್ಡ ಪಾತ್ರೆಯಲ್ಲಿ ಕುದಿಸಿ, ಬಿಸಿಲಿಗಿಡುತ್ತಾನೆ. “ಇಲಿಗೋಳಿಗೆ ಕಟ್ಟಿಗಿ ಬಿರಿಯಾನಿ ಮಾಡಾಕತ್ತೀರೇನ್ರೀ?” ಎಂದು ಹೆಂಡತಿ ಪೀರ್‌ಬೀ ಹಂಗಿಸಿದರೆ, “ಸುಮ್ಕಿರು ಬೇ! ಹಗಲೆಲ್ಲಾ ಕಡಿಯೋವು ಅವು, ನೀ ಅಲ್ಲ!” ಎಂದು ಕುಣಿದಾಡುತ್ತಾನೆ. ಕೊಂಬೆಯನ್ನು ಪಂಜರದಲ್ಲಿ ನಿಲ್ಲಿಸಿದ ಮೇಲೂ ಇಲಿಗಳನ್ನು ಕೂಡಲೇ ಅದರೊಳಗೆ ಬಿಡುವುದಿಲ್ಲ. ಕೊಂಬೆಯೊಳಗೆ ಟೊಳ್ಳಿದೆಯೇ ಎಂದು ಬೆರಳ ಗೆಣ್ಣಿನಿಂದ ಬಡಿದು, ಕಿವಿ ಹಚ್ಚಿ ಕೇಳುತ್ತಾನೆ. ಹಿಂದೆ ಗಣಿಯೊಳಗೆ ಆಸರೆಯ ಮರದ ಕಂಬ ಮುರಿದು ಜೊತೆಗಾರ ಯಂಕೋಬ ಸತ್ತ. ಆ ಕಂಬ ನಿಲ್ಲಿಸಿದ್ದವನು ಇವನೇ. ಪೀರ್‌ಬೀಗೆ ಅದು ಗೊತ್ತು. ಅವನು ಕೊಂಬೆಗೆ ಕಿವಿ ಹಚ್ಚಿದಷ್ಟು ಹೊತ್ತು ಅವಳು ಬಳೆಯ ಸದ್ದೂ ಆಗದಂತೆ ನಿಂತಿರುತ್ತಾಳೆ.