ಆಯಿಯ ಬಲಗಣ್ಣು

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಮದುವೆಯಾಗಿ ಮಸ್ಕಿಯ ಈ ಓಣಿಗೆ ಬಂದಾಗಿನಿಂದ ಆ ಮನೆಯ ಮುದುಕಿಯ ಕೆಮ್ಮು, ಬೈಗುಳ, ಪೂಜೆಯ ಗಂಟೆ ಎಲ್ಲವೂ ನನ್ನ ಹೊಲಿಗೆ ಮಷೀನಿನ ಸದ್ದಿನ ಜೊತೆಗೇ ಕೇಳಿಸುತ್ತಿದ್ದವು. ಓಣಿಗೆಲ್ಲ ಆಕೆ ಆಯಿ. ಅಷ್ಟು ಹತ್ತಿರವಿದ್ದರೂ ನಾವು ದೂರವೇ ಉಳಿದಿದ್ದೆವು. ನಾವು ಕ್ರೈಸ್ತರು. ಆಯಿಗೆ ಅದಕ್ಕಿಂತ ಮುಖ್ಯವಾಗಿದ್ದುದು, ಕ್ರೈಸ್ತರಾಗುವ ಮೊದಲು ನಮ್ಮ ಹಿರಿಯರು ಯಾವ ಕೇರಿಯವರು ಎಂಬುದು.

ನಾನಿನ್ನೂ ಹೊಸ ಸೊಸೆ. ಒಂದು ದಿನ ನಳದ ಹತ್ತಿರ ನನ್ನ ಕೊಡದ ನೀರು ತುಳುಕಿ ಆಯಿಯ ಕೊಡಕ್ಕೆ ಸಿಡಿಯಿತು. ಆಯಿ ಒಂದು ಮಾತೂ ಆಡಲಿಲ್ಲ. ತುಂಬಿದ ಕೊಡವನ್ನು ಚರಂಡಿಗೆ ಸುರಿದಳು, ಹುಣಸೆಹಣ್ಣು ತಂದು ತಿಕ್ಕಿ ತೊಳೆದಳು, ಮತ್ತೆ ಪಾಳಿಯಲ್ಲಿ ನಿಂತಳು. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

ಕಳೆದ ವರ್ಷ ಮನೆಯವರು ಸಿಂಧನೂರಿನಲ್ಲಿ ಆಯಿಯ ಬಲಗಣ್ಣಿನ ಪೊರೆ ತೆಗೆಸಿಕೊಂಡು ಬಂದರು. ಪಟ್ಟಿ ಬಿಚ್ಚಿದ ದಿನ ಆಕೆಯ ಸೊಸೆ ನಮ್ಮ ಬಾಗಿಲಲ್ಲಿ ನಿಂತಳು.

“ಅಕ್ಕಾ, ತುರ್ವಿಹಾಳದ ಕಡಿ ನಾಟಿ ನಡದೈತಿ. ಮುಂಜಾನಿ ಏಳಕ್ಕ ಟಂಟಂ ಗಾಡಿ ಬರತೈತಿ, ನಾವಿಬ್ರೂ ಗಂಡ ಹೆಂಡ್ತಿ ಹೋದ್ರ ಸಂಜೀಕೇ ಬರೋದು. ಅತ್ತಿ ಕಣ್ಣಿಗೆ ದಿನಕ್ಕ ಆರು ಸಲ ಹನಿ ಹಾಕ್ಬೇಕಂತ. ಹಗಲೊತ್ತು ನೀ ನಾಕು ಸಲ ಹಾಕ್ತೀಯೇನು?”

“ಆಯಿ ಒಪ್ಪಬೇಕಲ್ಲ?”

“ಕೇಳೀನಿ. ಕೈ ತೊಳಕೊಂಡು ಬಾ ಅನ್ನು ಅಂದಾಳ.”

ಅದು ಡಾಕ್ಟರು ಹೇಳಿಕೊಟ್ಟ ಮಾತೋ, ಆಯಿಯ ಸ್ವಂತ ಮಾತೋ ನನಗೆ ತಿಳಿಯಲಿಲ್ಲ. ಮನಸ್ಸು ಬೇಡ ಅನ್ನುತ್ತಿತ್ತು. ಆದರೆ ನೆರೆಯವರನ್ನು ಪ್ರೀತಿಸಬೇಕೆಂದು ಚಿಕ್ಕಂದಿನಿಂದ ಕೇಳುತ್ತ ಬೆಳೆದವಳು ನಾನು. ಆ ಮಾತು ಬಂದಾಗಲೆಲ್ಲ ದೂರದ ಯಾರೋ ಕಷ್ಟದಲ್ಲಿರುವವರು ನೆನಪಾಗುತ್ತಿದ್ದರೇ ಹೊರತು ಈ ಗೋಡೆಯಾಚೆಯ ಆಯಿ ನೆನಪಾಗಿರಲಿಲ್ಲ. ಹೂಂ ಅಂದೆ.

ಮೊದಲ ದಿನ ಆಯಿ ಹೊರಸಿನ ಮೇಲೆ ಅಂಗಾತ ಮಲಗಿ ಅಂಚನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದಳು.

“ಕಣ್ಣು ತೆರಿ ಆಯಿ.”

“ತೆರದೀನಲ್ಲಬೇ.”

“ಎಲ್ಲಿ ತೆರದೀ? ಮುಚ್ಚಿಕೊಂಡೀ.”

ಕೆಳರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಎಳೆದೆ. ಆಕೆಯ ಕೆನ್ನೆಯ ಚರ್ಮ, ನೂರು ಸಲ ಒಗೆದ ವಾಯಿಲ್ ಸೀರೆಯಷ್ಟು ಮೆತ್ತಗಿತ್ತು. ಮೊದಲ ಹನಿ ಕಿವಿಯತ್ತ ಹರಿದುಹೋಯಿತು. ಎರಡನೆಯದು ಕಣ್ಣಿಗೆ ಬಿದ್ದಾಗ ಆಯಿ ಹೊರಸು ಬಿಟ್ಟು ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು. ಉರಿ ಇಳಿಯುವವರೆಗೂ ಬಿಡಲಿಲ್ಲ.

ನಾಲ್ಕೈದು ದಿನಕ್ಕೆ ರೂಢಿಯಾಯಿತು. ಹೊತ್ತಾದರೆ ಆಯಿಯೇ ಗೋಡೆ ಬಡಿಯುತ್ತಿದ್ದಳು. ಹೊಲಿಯಲು ಮದುವೆಯ ಜಂಪರುಗಳು ರಾಶಿ ಬಿದ್ದಿದ್ದ ಕಾಲ ಅದು. ಮಷೀನು ಬಿಟ್ಟು ಏಳುವಾಗೆಲ್ಲ ಸಿಡುಕು ಬರುತ್ತಿತ್ತು. ಅದರ ಹಿಂದೆಯೇ, ನಾನು ಎಂಥ ಒಳ್ಳೆಯವಳು ಎಂಬ ಹೆಮ್ಮೆಯೂ ಬರುತ್ತಿತ್ತು. ಸಿಡುಕಿಗಾಗಿ ದೇವರ ಕ್ಷಮೆ ಕೇಳಿದೆ. ಹೆಮ್ಮೆಯನ್ನು ಹಾಗೇ ಇಟ್ಟುಕೊಂಡೆ.

ಆ ಭಾನುವಾರ ಚರ್ಚಿನಲ್ಲಿ, ದೇವರು ತಮ್ಮ ಬಾಳಿನಲ್ಲಿ ಮಾಡಿದ್ದನ್ನು ಎಲ್ಲರೆದುರು ಸಾಕ್ಷಿ ಹೇಳುವ ಹೊತ್ತಿಗೆ ಎದ್ದು ನಿಂತೆ. ಕೊಡ ತೊಳೆದದ್ದು, ಹನಿ ಹಾಕುತ್ತಿರುವುದು, ಎಲ್ಲ ಹೇಳಿದೆ. ಚೆನ್ನಾಗಿಯೇ ಹೇಳಿದೆ. ಹೆಣ್ಣುಮಕ್ಕಳು ಸ್ತೋತ್ರ ಸ್ತೋತ್ರ ಅನ್ನುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಂಗಳವಾರ ಹೋದರೆ ಆಯಿಯ ಬಾಗಿಲಿಗೆ ಒಳಗಿನಿಂದ ಚಿಲಕ.

“ಆಯಿ, ಹನಿ ಹೊತ್ತಾತು.”

“ಬ್ಯಾಡ. ಸೊಸಿ ಬಂದಮ್ಯಾಲೆ ಹಾಕ್ತಾಳ.”

“ಯಾಕ?”

“ನಿಮ್ಮ ಚರ್ಚಿನ್ಯಾಗ ನನ್ನ ಕತಿ ಹೇಳಿದೆಂತಲ್ಲ. ಹಾಲಿನಾಕಿ ಬಂದು ಹೇಳ್ಯಾಳ.”

ನಮ್ಮ ಓಣಿಗೆ ಹಾಲು ಹಾಕುವವಳೂ ನಮ್ಮ ಚರ್ಚಿಗೆ ಬರುತ್ತಾಳೆಂಬುದು ಆಗ ನೆನಪಾಯಿತು.

“ನಾ ಸುಳ್ಳೇನೂ ಹೇಳಿಲ್ಲ ಆಯಿ.”

“ಸುಳ್ಳಂತ ನಾ ಎಲ್ಲಿ ಅಂದೆ? ಖರೇನ ಐತಿ. ನಾ ನಿನ್ನ ಮುಂದ ಕಣ್ಣು ತೆರದು ಮಕ್ಕೊಂಡೀನಿ. ಅಷ್ಟು ಮಂದಿ ಮುಂದ ಅಲ್ಲ.”

ಮನೆಗೆ ಬಂದು ಮಷೀನಿನ ಮುಂದೆ ಕುಳಿತೆ. ಮೊದಲು ಸಿಟ್ಟೇ ಬಂತು. ಅವಮಾನವಾದದ್ದು ನನಗೆ, ಅದನ್ನು ಹೇಳಿಕೊಳ್ಳುವ ಹಕ್ಕೂ ನನ್ನದೇ ಅಲ್ಲವೇ? ಒಂದು ತೋಳನ್ನು ತಿರುವುಮುರುವಾಗಿ ಜೋಡಿಸಿಬಿಟ್ಟೆ. ಅದನ್ನು ಬಿಚ್ಚುತ್ತ ಕುಳಿತಾಗ ಭಾನುವಾರದ ನನ್ನದೇ ದನಿ ಕಿವಿಯಲ್ಲಿ ಕೇಳಿಸಿತು. ನಾನು ಅಲ್ಲಿ ಹೇಳಿದ್ದು ನನ್ನ ನೋವನ್ನಲ್ಲ, ನನ್ನ ದೊಡ್ಡತನವನ್ನು. ಕಣ್ಣು ಕಾಣದ ಮುದುಕಿಯೊಬ್ಬಳನ್ನು ಕೆಳಗೆ ಕೂರಿಸಿ ಅವಳಿಗಿಂತ ಎತ್ತರದಲ್ಲಿ ನಾನು ನಿಂತಿದ್ದೆ.

ಮಧ್ಯಾಹ್ನ ಮತ್ತೆ ಹೋಗಿ, ಮುಚ್ಚಿದ ಬಾಗಿಲಿಗೇ ಹೇಳಿದೆ. “ಆಯಿ, ನಾ ತಪ್ಪು ಮಾಡೀನಿ. ನನ್ನ ಹೆಚ್ಚುಗಾರಿಕಿ ತೋರಸಾಕ ನಿನ್ನ ಕತಿ ಹೇಳಿದೆ. ಆದ್ರ ಅವತ್ತು ನೀ ನೀರು ಚೆಲ್ಲಿದಾಗ ನನಗ ಭಾಳ ನೋವಾಗಿತ್ತು. ಅದನ್ನ ನಿನ್ನ ಮುಂದ ಹೇಳಬೇಕಿತ್ತು, ಅವರ ಮುಂದ ಹೇಳಿದೆ.”

ಒಳಗೆ ಹೊರಸು ಕಿರುಗುಟ್ಟಿತು. ಆಮೇಲೆ ಚಿಲಕ ಸರಿಯಿತು. ಆಯಿ ಆಸ್ಪತ್ರೆಯಲ್ಲಿ ಕೊಟ್ಟ ಕರೀ ಚಸ್ಮಾ ಹಾಕಿಕೊಂಡಿರಲಿಲ್ಲ. ಕಣ್ಣು ಕೆಂಪಾಗಿತ್ತು.

“ನೋವಾಗಿತ್ತೇನು?”

“ಹೂಂ.”

“ನನಗ ಗೊತ್ತಿತ್ತು. ಗೊತ್ತಿದ್ದೇ ಮಾಡೀನಿ.”

ಅಷ್ಟೇ ಹೇಳಿದಳು. ತಪ್ಪಾಯಿತು ಅನ್ನಲಿಲ್ಲ, ನಾನೂ ಅನ್ನಿಸಲು ಹೋಗಲಿಲ್ಲ. ಗೋಡೆ ಹಿಡಿದು ನಡೆದು ಹೊರಸಿನ ಮೇಲೆ ಮಲಗಿದಳು. “ಹಾಕು. ಉರಿಯಾಕತ್ತೈತಿ.”

ಕೈ ತೊಳೆದು ಬಂದು ಹಾಕಿದೆ. ನಾನು ಹಾಕಿದ ಔಷಧಕ್ಕಿಂತ ಹೆಚ್ಚು ನೀರು ಆ ಕಣ್ಣಿನಿಂದ ಇಳಿಯಿತು. ಸೆರಗಿನಿಂದ ಒರೆಸಬಾರದೆಂದು ಡಾಕ್ಟರು ಹೇಳಿದ್ದರು. ಹತ್ತಿಯಿಂದ ಒರೆಸುತ್ತ ಕುಳಿತೆ.

ಈಗಲೂ ಭಾನುವಾರ ಸಾಕ್ಷಿ ಹೇಳುತ್ತೇನೆ. ನನ್ನ ವಿಷಯವನ್ನು ಮಾತ್ರ. ಯಾರಿಗಾದರೂ ಏನಾದರೂ ಮಾಡಿದ್ದರೆ, ಅದು ಅವರ ಕತೆಯೂ ಹೌದಲ್ಲ ಎಂದು ನಾಲಿಗೆ ತಡೆಯುತ್ತದೆ.

ಪೊರೆ ತೆಗೆಸಿ ತಿಂಗಳಾದ ಮೇಲೆ ಕಣ್ಣು ತೋರಿಸಿಕೊಂಡು ಬರಲು ಆಯಿ, ನಾನು ಇಬ್ಬರೇ ಸಿಂಧನೂರಿಗೆ ಹೋಗಿದ್ದೆವು. ಕಣ್ಣು ಚೆನ್ನಾಗಿದೆ ಎಂದರು ಡಾಕ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಆಯಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಚಸ್ಮಾ ತೆಗೆದು ಹಸಿರು ಗದ್ದೆಗಳನ್ನೂ ಅವುಗಳಲ್ಲಿ ಬಗ್ಗಿದ ಹೆಂಗಸರನ್ನೂ ನೋಡಿದಳು, ಸೊಸೆ ಎಲ್ಲಾದರೂ ಕಾಣುತ್ತಾಳೇನೋ ಎಂಬಂತೆ. ಆಮೇಲೆ ತಿರುಗಿ ನನ್ನ ಮುಖವನ್ನು ಹತ್ತಿರದಿಂದ ನೋಡತೊಡಗಿದಳು.

“ನೀ ಇಷ್ಟು ವಯಸ್ಸಾದಾಕಿ ಏನಬೇ? ನಾ ಇನ್ನಾ ಹುಡುಗಿ ಅಂತ ತಿಳದಿದ್ದೆ.”

ಮುಂದಿನ ಸೀಟಿನವಳು ತಿರುಗಿ ನೋಡುವಷ್ಟು ಜೋರಾಗಿ ನಕ್ಕೆ. ಆಯಿ ನಗಲಿಲ್ಲ.

“ನಿಮ್ಮ ದೇವರು ಹೇಳ್ಯಾನಂತ ಹನಿ ಹಾಕಿದೇನು?”

“ಮೊದಲು ಅದಕ್ಕ ಹಾಕಿದೆ.”

“ಆಮ್ಯಾಲೆ?”

“ಆಮ್ಯಾಲೆ ನಿನ್ನ ಸಲುವಾಗಿ,” ಅಂದೆ.

ಆಯಿ ಮತ್ತೆ ಕಿಟಕಿಯತ್ತ ತಿರುಗಿದಳು. ಮಸ್ಕಿ ಹತ್ತಿರ ಬರುತ್ತಿದ್ದಂತೆ, ನನ್ನ ಕಡೆ ನೋಡದೆಯೇ ಹೇಳಿದಳು: “ದೀಪಾವಳಿ ಆದಮ್ಯಾಲೆ ಎಡಗಣ್ಣು ಮಾಡ್ತಾರಂತ. ಆಗೂ ನೀನೇ ಹಾಕ್ಬೇಕು ನೋಡು. ಸೊಸಿ ಕೈ ಭಾಳ ಬಿರುಸು.”