ರಿಲೇ ದೊರೆಸ್ವಾಮಿಯ ಹಠ

ಇಲವಾಲದ ಕಡೆಯಿಂದ ಮೈಸೂರಿಗೆ ಬಂದು, ನೂಲಿನ ಗಿರಣಿಯೊಂದರಲ್ಲಿ ಮೋಟಾರು ನೋಡಿಕೊಳ್ಳುತ್ತಿದ್ದ ದೊರೆಸ್ವಾಮಿ ಸಾಮಾನ್ಯ ಆಸಾಮಿಯಲ್ಲ. ಹಿಡಿದ ಹಠ ಬಿಡುವ ಪೈಕಿಯೇ ಅಲ್ಲ. ದೊಡ್ಡ ಮೋಟಾರಿನ ಪಕ್ಕದ ಗೋಡೆಯಲ್ಲಿ ಗಾಜಿನ ಮುಖದ ಎರಡು ರಿಲೇ ಪೆಟ್ಟಿಗೆಗಳಿದ್ದವು. ಹೊರೆ ಹೆಚ್ಚಾದರೆ ಒಂದು, ಮೋಟಾರಿನೊಳಗಿನ ತಂತಿ ಸುರುಳಿಯಿಂದ ಕರೆಂಟು ಸೋರಿದರೆ ಇನ್ನೊಂದು, ತಾನೇ ಸ್ವಿಚ್ಚು ಬೀಳಿಸಿ ಗಾಜಿನೊಳಗೆ ಕೆಂಪು ಬಿಲ್ಲೆ ಇಳಿಸುತ್ತಿತ್ತು. ಬಿಲ್ಲೆ ಯಾವುದರಲ್ಲಿ ಬಿತ್ತೋ ಅದೇ ಕಾಯಿಲೆ. 'ಇವು ಸುಳ್ಳು ಹೇಳಲ್ಲ ಕಣ್ರೀ' ಅಂತ ಕಂಡಕಂಡವರ ತಲೆ ತಿನ್ನುತ್ತಿದ್ದ, ಮಹಾನುಭಾವ!

ಐವತ್ತೆಂಟರ ದಸರಾ ಮುಗಿದ ಮರುದಿನ ಬೆಳಿಗ್ಗೆ ಸ್ವಿಚ್ಚು ಹಾಕಿದರೆ, ಮೋಟಾರು ಗುಂಯ್ ಅಂದದ್ದೇ ತಡ, ಟಪ್ಪಂತ ನಿಂತಿತು. ಇನ್ನೊಮ್ಮೆ ಹಾಕಿದರೂ ಅದೇ ಕಥೆ. ಎರಡು ಗಾಜುಗಳಲ್ಲೂ ಬಿಲ್ಲೆ ಕಾಣಲಿಲ್ಲ.

"ರಿಲೇ ಕೆಟ್ಟಿದೆ ಕಣೋ," ಅಂದರು ಮೇಸ್ತ್ರಿ ಸದಾಶಿವಯ್ಯ. "ಮರದ ಚಕ್ಕೆ ತುರುಕಿ ಅದನ್ನ ಅಲ್ಲಾಡದ ಹಾಗೆ ಮಾಡು. ಮೋಟಾರು ಓಡಲಿ."

"ಆಗಲ್ಲ ಮೇಸ್ತ್ರಿಗಳೇ. ನಿಜವಾಗಿ ಒಳಗೆ ಸೋರ್ತಿದ್ರೆ ಮೋಟಾರು ಸುಟ್ಟೋಗ್ತದೆ."

ಸುಟ್ಟರೆ ಹೊಸ ಸುರುಳಿ ಸುತ್ತಿಸಿ ತರುವ ತನಕ ಗಿರಣಿ ಬಂದ್, ನೂಲು ತೆಗೆಯುವ ಹೆಂಗಸರೆಲ್ಲ ಕೂಲಿಯಿಲ್ಲದೆ ಮನೆಗೆ. ಅವರಲ್ಲಿ ಅವನ ಹೆಂಡತಿ ಚೆಲುವಮ್ಮನೂ ಒಬ್ಬಳು. ಮೇಸ್ತ್ರಿಗಳು ಚಕ್ಕೆ ಹಿಡಿದು ಮುಂದೆ ಬಂದರು. ದೊರೆಸ್ವಾಮಿ ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟ.

"ನನ್ನನ್ನ ಎಳೆದು ಹಾಕಿ, ಆಮೇಲೆ ತುರುಕಿ."

ಹಾಗಂದವನು ತಿರುಗಿ ಗಾಜು ನೋಡಿದ. ಆಯುಧಪೂಜೆಯ ದಿನ ಅವನೇ ಆ ಪೆಟ್ಟಿಗೆಗಳಿಗೆ ದೇವರಿಗಿಂತ ಹೆಚ್ಚು ಕುಂಕುಮ ಮೆತ್ತಿದ್ದ. ಅದೀಗ ಗಾಜಿನ ಮೇಲೆ ಒಣಗಿ ಗಟ್ಟಿಯಾಗಿತ್ತು. ಪಂಚೆಯ ತುದಿ ಒದ್ದೆ ಮಾಡಿ ಒರೆಸಲು ಹೋದ.

"ಅಯ್ಯೋ, ಪೂಜೆ ಕುಂಕುಮ ಒರೆಸ್ತೀಯೇನೋ? ಅಪಶಕುನ!" ಮೇಸ್ತ್ರಿಗಳು ಕೂಗಿಕೊಂಡರು.

"ಆ ಪಾಪ ನಂಗಿರಲಿ ಬುಡಿ."

ಎರಡನೆಯ ಗಾಜನ್ನು ತಿಕ್ಕಿ ತಿಕ್ಕಿ ಒರೆಸಿದ. ಒಳಗೆ ಕೆಂಪು ಬಿಲ್ಲೆ ಬಿದ್ದಿತ್ತು, ಸುರುಳಿಯ ಸೋರಿಕೆಯದು. ಕುಂಕುಮದ ಕೆಂಪಿನಲ್ಲಿ ಯಾರಿಗೆ ತಾನೇ ಕಾಣಬೇಕು!

"ಥೂ, ನನ್ನ ಭಕ್ತಿಗಿಷ್ಟು ಬೆಂಕಿ ಹಾಕ!" ಅಂತ ತನ್ನನ್ನೇ ಬೈದುಕೊಂಡ.

ಕರೆಂಟು ತೆಗೆದು ಮೋಟಾರು ಬಿಚ್ಚಿದಾಗ ಒಳಗಿನಿಂದ ನೀರು ಜಿನುಗಿತು. ಪೂಜೆಗೆ ಮೋಟಾರು ತೊಳೆಯುವಾಗ ಹೊರಮೈಗೆ ಸಾಲದೆಂದು ಒಳಕ್ಕೂ ಬಿಂದಿಗೆಗಟ್ಟಲೆ ಸುರಿದಿದ್ದರಂತೆ. ಸುರಿದವರು ಬೇರೆ ಯಾರೂ ಅಲ್ಲ, ಸದಾಶಿವಯ್ಯನವರೇ. ಅವರ ಮುಖ ಕಪ್ಪಿಟ್ಟಿತು.

ಸುತ್ತ ಇದ್ದಿಲ ಒಲೆ ಇಟ್ಟು ಸುರುಳಿ ಒಣಗಿಸಿದರು. ತೇವ ಪೂರ್ತಿ ಆರುವ ತನಕ ದೊರೆಸ್ವಾಮಿ ಯಾರಿಗೂ ಸ್ವಿಚ್ಚು ಮುಟ್ಟಲು ಬಿಡಲಿಲ್ಲ. ಮ್ಯಾನೇಜರು ಎರಡು ಸಲ ಬಂದು ಗದರಿ ಹೋದರು. ಬೈಸಿಕೊಂಡನೇ ಹೊರತು ಜಗ್ಗಲಿಲ್ಲ.

ಕೊನೆಗೆ ಮೋಟಾರು ತಿರುಗಿತು, ನಿಲ್ಲಲಿಲ್ಲ. ನೂಲಿನ ಸಾಲಿಗೆ ಓಡುತ್ತಿದ್ದ ಚೆಲುವಮ್ಮನನ್ನು ಸದಾಶಿವಯ್ಯ ತಡೆದರು.

"ನಿಮ್ಮೆಲ್ಲರ ಅನ್ನ ಇವತ್ತು ನನ್ನ ಕೈಯಲ್ಲೇ ಸುಟ್ಟೋಗ್ತಿತ್ತು ಕಣಮ್ಮ."